ನಮ್ಮ ಹುಡುಗನನ್ನು ದಯವಿಟ್ಟು ಅಪರಾಧಿಯೆಂದು ಪರಿಗಣಿಸಿ

ಮಾನ್ಯ ಮಹಾನಿರ್ದೇಶಕರು,
ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ,
ಬೆಂಗಳೂರು, ಇವರ ಸನ್ನಿಧಾನಕ್ಕೆ.

ಹೊನ್ನಾವರ ತಾಲ್ಲೂಕು ಹಳದೀಪುರದಿಂದ ಒಬ್ಬ ನಾಗರಿಕ ಮಾಡುವ ನಮಸ್ಕಾರಗಳು.

ಮೊದಲು ಅಭಿನಂದನೆ, ಆಮೇಲೆ ಅರ್ಜಿ. ಪೊಲೀಸು, ಕೋರ್ಟು, ಜೈಲು, ಕಾನೂನು ನೆರವು ಎಲ್ಲವನ್ನೂ ಕೂಡಿಸಿ ತೂಗಿದ ಇಂಡಿಯಾ ಜಸ್ಟಿಸ್ ರಿಪೋರ್ಟಿನಲ್ಲಿ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕಕ್ಕೆ 2022ರಲ್ಲಿ ಮೊದಲ ಸ್ಥಾನ ಬಂತು, 2025ರಲ್ಲಿ ಮತ್ತೆ ಬಂತು. ಶಾಲೆಯಲ್ಲಿ ಪಕ್ಕದ ಮನೆಯ ಮಗು ಮೊದಲು ಬಂದರೂ ಸಂಭ್ರಮಪಡುವ ಜನ ನಾವು. ನಮ್ಮದೇ ರಾಜ್ಯ ಮೊದಲು ಬಂದಿದೆ. ಇಷ್ಟು ಚೆನ್ನಾಗಿರುವ ವ್ಯವಸ್ಥೆಯ ಲಾಭ ನಮ್ಮೂರಿಗೂ ಸ್ವಲ್ಪ ಸಿಗಲಿ ಎಂಬ ಆಸೆಯಿಂದ ಈ ಪತ್ರ.

ಅರ್ಜಿ ಇಷ್ಟೇ. ನಮ್ಮೂರಿನ ಹುಡುಗನೊಬ್ಬನನ್ನು ಅಪರಾಧಿಯೆಂದು ಪರಿಗಣಿಸಿ ಉಪಕಾರ ಮಾಡಬೇಕು.

ಹುಡುಗ ಕಲ್ಪಿತ. ಹೆಸರಿಟ್ಟರೆ ಆ ಹೆಸರಿನ ಯಾರನ್ನಾದರೂ ಠಾಣೆಗೆ ಕರೆಸಿಬಿಟ್ಟಾರು ಎಂಬ ಹೆದರಿಕೆಗೆ ಹೆಸರಿಟ್ಟಿಲ್ಲ. ವಯಸ್ಸು ಇಪ್ಪತ್ತು. ಹೆದ್ದಾರಿಯಿಂದ ಒಳಗೆ, ಗುಡ್ಡದ ಬುಡದಲ್ಲಿ ಮನೆ. ಹಂಗಾಮಿನಲ್ಲಿ ಅಡಿಕೆ ಕೊನೆ ಕೊಯ್ಯುತ್ತಾನೆ, ಉಳಿದ ದಿನ ಸಿಕ್ಕ ಕೆಲಸ. ಯಾರದೋ ಮನೆಯ ಅಟ್ಟದಿಂದ ಒಂದು ಚೀಲ ಚಾಲಿ ಅಡಿಕೆ ಕದ್ದನೆಂದು ಅವನ ಮೇಲೆ ಕೇಸು. ಕದ್ದನೋ ಇಲ್ಲವೋ ನಾನು ಹೇಳಲಾರೆ. ಕಲ್ಪನೆಯ ಹುಡುಗನೇ ಆದರೂ ತೀರ್ಪು ಕೊಡುವುದು ನನ್ನ ಕೆಲಸವಲ್ಲ, ನಿಮ್ಮದೂ ಅಲ್ಲ. ಅದಕ್ಕೆ ಹೊನ್ನಾವರದಲ್ಲಿ ಕೋರ್ಟಿದೆ.

ಅಡಿಕೆಯ ಬದಲು ನಾಲ್ಕು ತೆಂಗಿನಕಾಯಿ ಎತ್ತಿಕೊಂಡು ಹೋಗಿದ್ದರೆ ಬಚಾವಾಗುತ್ತಿದ್ದ. ಭಾರತೀಯ ನ್ಯಾಯ ಸಂಹಿತೆಯಲ್ಲಿ 5,000 ರೂಪಾಯಿಗಿಂತ ಕಡಿಮೆಯ ಮೊದಲ ಕಳವಿಗೆ, ಮಾಲು ತಿರುಗಿ ಕೊಟ್ಟರೆ, ಸಮುದಾಯ ಸೇವೆಯೇ ಶಿಕ್ಷೆ. ಬಸ್‌ಸ್ಟ್ಯಾಂಡ್ ಗುಡಿಸಿಯೋ ಆಸ್ಪತ್ರೆ ತೊಳೆದೋ ಬರಬಹುದಿತ್ತು. ಆದರೆ ಈಗಿನ ಅಡಿಕೆ ದರದಲ್ಲಿ ಒಂದು ಚೀಲ ಚಾಲಿಯೆಂದರೆ ಐದು ಸಾವಿರ ಎಲ್ಲೋ ಕೆಳಗೆ ಉಳಿಯುತ್ತದೆ. ಮೇಲಾಗಿ ವಾಸದ ಮನೆಯೊಳಗಿನ ಕಳವು. ಅದಕ್ಕೆ 305ನೇ ಕಲಂ, ಏಳು ವರ್ಷದವರೆಗೆ ಸಜೆ. ಅಡಿಕೆಗೆ ದರ ಬಂತೆಂದು ತೋಟದವರು ಖುಷಿಪಡುತ್ತಾರೆ. ಕಳ್ಳನ ಕಲಂ ಕೂಡ ಅದರ ಜೊತೆ ಏರುತ್ತದೆಂದು ಯಾರಿಗೆ ಹೊಳೆಯಬೇಕು!

ಹೀಗೆ ಅವನು ಕಾರವಾರದ ಜಿಲ್ಲಾ ಕಾರಾಗೃಹಕ್ಕೆ, ಅಂದರೆ ತಮ್ಮ ಸುಧಾರಣೆಗೆ ಬಂದು ಸೇರಿದ. ಸ್ವಲ್ಪ ದಿನಕ್ಕೆ ಕೋರ್ಟು ಜಾಮೀನನ್ನೂ ಕೊಟ್ಟಿತು. ಜಾಮೀನು ಸಿಕ್ಕಿತು, ಶ್ಯೂರಿಟಿ ಸಿಗಲಿಲ್ಲ.

ಶ್ಯೂರಿಟಿಯೆಂದರೆ ಪಹಣಿ. ಪಹಣಿ ಎಲ್ಲಿಂದ ತರುವುದು ಸ್ವಾಮಿ? ನಮ್ಮ ಜಿಲ್ಲೆಯಲ್ಲಿ ಹತ್ತರಲ್ಲಿ ಎಂಟು ಪಾಲು ಕಾಡು. ಗುಡ್ಡದ ಬುಡದಲ್ಲಿ ತಲೆತಲಾಂತರದಿಂದ ಇರುವವರಿಗೆ ಸರ್ಕಾರ ಇಟ್ಟ ಹೆಸರು ಅತಿಕ್ರಮಣದಾರರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, 75 ವರ್ಷದ ಸಾಕ್ಷ್ಯ ಹುಡುಕುತ್ತ ಕೂತಿದ್ದಾರೆ. ಕಡಲ ಬದಿಗೆ ಹೋದರೆ ಮರಳಿನ ಮೇಲೆ ಮನೆ ಕಟ್ಟಿಕೊಂಡ ಮೀನುಗಾರರದ್ದೂ ಅದೇ ಪಾಡು. ಅವರಲ್ಲಿ ಎಷ್ಟೋ ಮಂದಿಗೆ ದೋಣಿಗೆ ದಾಖಲೆಯಿದೆ, ದೋಣಿ ಎಳೆದು ನಿಲ್ಲಿಸುವ ನೆಲಕ್ಕಿಲ್ಲ. ಹುಡುಗನ ಅಪ್ಪನಿಗೆ ಪಹಣಿಯಿಲ್ಲ, ಮಾವನಿಗಿಲ್ಲ, ಆಚೆಮನೆಯವರಿಗಿಲ್ಲ. ಪಹಣಿ ಇರುವುದು ಅಡಿಕೆ ಕಳೆದುಕೊಂಡವರಿಗೆ. ಅವರ ಹತ್ತಿರ ಹೋಗಿ ಶ್ಯೂರಿಟಿ ಹಾಕಿ ಎಂದು ಕೇಳುವುದು ಚೆನ್ನಾಗಿರುವುದಿಲ್ಲ.

1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ವಿಷಯವನ್ನು ಬಿಡಿಸಿ ಹೇಳಿದ್ದರು. ಬಡವನಿಗೆ 10,000 ರೂಪಾಯಿಯ ಜಾಮೀನು ಕೇಳುವುದು, ಬೇರೆ ಜಿಲ್ಲೆಯಲ್ಲಿ ಆಸ್ತಿಯಿದ್ದ ಜಾಮೀನುದಾರನನ್ನು ಬೇಡವೆನ್ನುವುದು ನ್ಯಾಯವಲ್ಲವೆಂದು. ಹೇಳಿ ನಲವತ್ತು ವರ್ಷ ದಾಟಿತು. ಈಗಲೂ ನಮ್ಮಲ್ಲಿ ಒಬ್ಬನನ್ನು ಹೊರಗೆ ತರುವುದೆಂದರೆ ವಕೀಲರಿಗಿಂತ ಮೊದಲು ಪಹಣಿ ಇರುವ ನೆಂಟರನ್ನು ಹುಡುಕುವುದು.

ಈಗ ನನ್ನ ಅರ್ಜಿಯ ತಿರುಳಿಗೆ ಬರುತ್ತೇನೆ. ಅಪರಾಧಿ ಎನ್ನಿಸಿಕೊಂಡವನಿಗೆ ತಮ್ಮಲ್ಲಿ ಎಷ್ಟು ಸೌಕರ್ಯ! ಅವನಿಗೆ ಕೆಲಸವಿದೆ, ಕೂಲಿಯಿದೆ. ರಾಜ್ಯ ಸರ್ಕಾರ ಸಜಾ ಕೈದಿಗಳ ದಿನಗೂಲಿಯನ್ನು 500 ರೂಪಾಯಿಯ ಮೇಲಕ್ಕೆ ಏರಿಸಿದೆ. ಅವನಿಗೆ ಪೆರೋಲ್ ಇದೆ, ಶಿಕ್ಷೆಯಲ್ಲಿ ಮಾಫಿ ಇದೆ, ಸ್ವಾತಂತ್ರ್ಯೋತ್ಸವ ಗಣರಾಜ್ಯೋತ್ಸವಗಳ ಸುಮಾರಿಗೆ ಸನ್ನಡತೆಯ ಬಿಡುಗಡೆ ಇದೆ. ಹುಲುಗಪ್ಪ ಕಟ್ಟೀಮನಿಯವರಂಥವರು ಬಂದು ಬಣ್ಣ ಹಚ್ಚಿಸಿ ನಾಟಕ ಆಡಿಸಿದ್ದೂ ಉಂಟು. ನಮ್ಮ ಹುಡುಗ ಇನ್ನೂ ಕಾನೂನಿನ ಕಣ್ಣಿಗೆ ನಿರಪರಾಧಿ. ಆದ್ದರಿಂದ ಇದರಲ್ಲಿ ಹೆಚ್ಚಿನದೆಲ್ಲ ಅವನಿಗಿಲ್ಲ. ಅವನ ಸನ್ನಡತೆಗೆ ಮಾಫಿಯಿಲ್ಲ. ಮಾಫಿ ಮಾಡಲು ಶಿಕ್ಷೆಯಾದರೂ ಆಗಿರಬೇಕಲ್ಲ. ಅವನ ಅಜ್ಜಿ ತೀರಿಕೊಂಡರೆ ಪೆರೋಲ್ ಇಲ್ಲ, ಕೋರ್ಟಿಗೆ ಬೇರೆಯೇ ಅರ್ಜಿ ಹಾಕಬೇಕು. ನಿರಪರಾಧಿತ್ವ ದುಬಾರಿ ವಸ್ತು, ಕೂಲಿ ಮಾಡುವವರಿಗೆ ಹೇಳಿಸಿದ್ದಲ್ಲ.

ಇನ್ನೂ ಮಜಾ ಇದೆ. ಇವತ್ತೇ ಅವನು ತಪ್ಪಿತಸ್ಥನೆಂದು ತೀರ್ಪಾದರೆ ಬಹುಶಃ ಸಂಜೆಯೊಳಗೆ ಮನೆಗೆ ಬರುತ್ತಾನೆ. 1958ರ ಪ್ರೊಬೇಷನ್ ಕಾಯ್ದೆ ಹಾಗೆ ಹೇಳುತ್ತದೆ. ಇಂಥ ಕೇಸಿನಲ್ಲಿ 21 ತುಂಬದವನನ್ನು ಜೈಲಿಗೆ ಕಳಿಸುವುದಾದರೆ ಕೋರ್ಟು ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಂಡು, ಕಾರಣ ಬರೆದಿಡಬೇಕು. ಇಲ್ಲದಿದ್ದರೆ ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕು. ಅಂದರೆ ಕದ್ದದ್ದು ರುಜುವಾತಾದರೆ ಮನೆ, ಆಗುವವರೆಗೆ ಜೈಲು. ಅದರಲ್ಲೂ ಅವಸರ ಮಾಡಬೇಕು. ಆ 21ರ ಲೆಕ್ಕ ಕದ್ದ ದಿನದ್ದಲ್ಲ, ಶಿಕ್ಷೆ ಹೇಳುವ ದಿನದ್ದು ಎಂದು ಸುಪ್ರೀಂ ಕೋರ್ಟು ಬಹಳ ಹಿಂದೆಯೇ ಹೇಳಿಬಿಟ್ಟಿದೆ. ತಮ್ಮಲ್ಲಿ ಕಾಯುತ್ತ ಕೂತೇ ಅವನಿಗೆ 21 ತುಂಬಿದರೆ, ಎಳೆಯ ವಯಸ್ಸಿನವನೆಂಬ ಆ ರಿಯಾಯಿತಿಯೂ ಕೈಬಿಟ್ಟುಹೋಯಿತು.

ಕೊನೆಗೆ ಲೆಕ್ಕ ಚುಕ್ತಾ ಮಾಡುವಾಗಲೂ ಅಪರಾಧಿಯದೇ ಮೇಲುಗೈ. ಶಿಕ್ಷೆಯಾದರೆ ವಿಚಾರಣೆಯ ಕಾಲದಲ್ಲಿ ಒಳಗಿದ್ದ ದಿನಗಳನ್ನು ಶಿಕ್ಷೆಯಲ್ಲಿ ವಜಾ ಮಾಡುತ್ತಾರೆ, ಒಂದು ದಿನವೂ ವ್ಯರ್ಥವಾಗುವುದಿಲ್ಲ. ಖುಲಾಸೆಯಾದರೆ? ಯಾವುದರಲ್ಲಿ ವಜಾ ಮಾಡುವುದು? ಕದಿಯದ ಹುಡುಗ ಒಂದೂವರೆ ವರ್ಷ ಒಳಗಿದ್ದರೆ ಅದು ಯಾವ ಖಾತೆಗೂ ಜಮಾ ಆಗದ ಹಣ. ಹಾಗಾಗಿಯೇ ಕೇಳಿದ್ದು, ಅಪರಾಧಿಯೆಂದು ಪರಿಗಣಿಸಿ ಎಂದು. ಅವನ ತಾಯಿಯೂ ಒಪ್ಪುತ್ತಾಳೆ. ಅವಳಿಗೆ ಮಗ ಕಳ್ಳನೋ ಅಲ್ಲವೋ ಎಂಬುದಕ್ಕಿಂತ ಮಳೆಗಾಲದೊಳಗೆ ಸೋಗೆ ಹೊದೆಸಲು ಬರುತ್ತಾನೋ ಇಲ್ಲವೋ ಎಂಬುದು ದೊಡ್ಡ ಪ್ರಶ್ನೆ.

ತಮ್ಮ ಕಷ್ಟವೂ ನಮಗೆ ಅರ್ಥವಾಗದ್ದೇನಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರ ಕೊನೆಯ ದಿನ ಈ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅದರಲ್ಲಿ ವಿಚಾರಣಾಧೀನರು 4,34,302. ನೂರಕ್ಕೆ 75 ಮೀರಿತು. ಬಂದವರಲ್ಲಿ ಮುಕ್ಕಾಲು ಪಾಲು ಜನರ ತಪ್ಪೇನೆಂದು ಯಾರೂ ಇನ್ನೂ ತೀರ್ಮಾನಿಸಿಲ್ಲ. ತೀರ್ಮಾನವಾಗದ ತಪ್ಪನ್ನು ತಿದ್ದುವುದು ಹೇಗೆ? ತಿದ್ದಲು ಹೊರಟರೆ ಕೋರ್ಟಿಗಿಂತ ಮೊದಲೇ ತೀರ್ಪು ಕೊಟ್ಟಂತೆ, ಸುಮ್ಮನಿದ್ದರೆ ಬರೀ ಬೀಗ ಕಾದಂತೆ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ನಿಂತವರನ್ನೆಲ್ಲ ಎಣಿಸಿ, ಇಷ್ಟು ಜನರನ್ನು ಊರು ಮುಟ್ಟಿಸಿದೆವು ಎಂದು ಸಾರಿಗೆ ಸಂಸ್ಥೆ ಬೋರ್ಡು ಹಾಕಿದರೆ ಹೇಗೋ, ಸುಧಾರಣಾ ಸೇವೆಯ ಲೆಕ್ಕವೂ ಹಾಗೇ ಆಗಿದೆ.

ಇನ್ನು ತಪ್ಪು ತೀರ್ಮಾನವಾದವರನ್ನು ತಿದ್ದುವ ಕೈಗಳ ವಿಷಯ. ಕೇಂದ್ರ ಸರ್ಕಾರದ 2016ರ ಮಾದರಿ ಕಾರಾಗೃಹ ಕೈಪಿಡಿ 500 ಕೈದಿಗಳಿಗೆ ಒಬ್ಬ ಮನಃಶಾಸ್ತ್ರಜ್ಞ ಇರಬೇಕು ಎನ್ನುತ್ತದೆ. ಆ ಲೆಕ್ಕದಲ್ಲಿ ದೇಶಕ್ಕೆ ಸಾವಿರದ ಮೇಲೆ ಬೇಕು. ನಮಗೆ ಮೊದಲ ಬಹುಮಾನ ಕೊಟ್ಟ ಅದೇ 2025ರ ವರದಿ ಎಣಿಸಿದಾಗ ದೇಶದ ಎಲ್ಲ ಜೈಲುಗಳನ್ನು ಕೂಡಿಸಿ ಸಿಕ್ಕವರು 25 ಮಂದಿ. ಇಪ್ಪತ್ತೈದು! ಒಂದು ಯಕ್ಷಗಾನ ಮೇಳಕ್ಕೇ ಅದಕ್ಕಿಂತ ಹೆಚ್ಚು ಜನ ಬೇಕು.

ಯಕ್ಷಗಾನವೆಂದಾಗ ಒಂದು ಅಡ್ಡಮಾತು. ನಮ್ಮ ಕಡೆ ತಾಳಮದ್ದಲೆಯಲ್ಲಿ ಮಾಗಧ ವಧೆ ಇಟ್ಟುಕೊಂಡರೆ ಬೆಳಗಿನವರೆಗೂ ಜನ ಏಳುವುದಿಲ್ಲ. ಜರಾಸಂಧ ನೂರು ಅರಸರನ್ನು ಬಲಿ ಕೊಡಬೇಕೆಂದು 86 ಮಂದಿಯನ್ನು ಸೆರೆಯಲ್ಲಿಟ್ಟಿದ್ದ, ಇನ್ನು 14 ಬಾಕಿಯಿತ್ತು. ಅವನನ್ನು ನಾವು ಖಳ ಎನ್ನುತ್ತೇವೆ. ಆದರೆ ಒಂದು ಮಾತು ಒಪ್ಪಬೇಕು, ಅವನ ಸೆರೆಯಲ್ಲಿದ್ದವರಿಗೆ ತಾವು ಯಾತಕ್ಕೆ ಕಾಯುತ್ತಿದ್ದೇವೆಂದು ಗೊತ್ತಿತ್ತು, ಇನ್ನೆಷ್ಟು ಬಾಕಿ ಎಂದೂ ಗೊತ್ತಿತ್ತು.

ನಮ್ಮ ಹುಡುಗನಿಗೆ ಗೊತ್ತಿರುವುದು ಮುಂದಿನ ವಾಯಿದೆಯ ತಾರೀಖು ಮಾತ್ರ. ಅದೂ ಎಸ್ಕಾರ್ಟ್ ಸಿಕ್ಕರೆ. ಕೈದಿಯನ್ನು ಕೋರ್ಟಿಗೆ ಕರೆದೊಯ್ಯುವುದು ತಮ್ಮ ಕೆಲಸವಲ್ಲ, ಪೊಲೀಸರದ್ದು ಎಂದು ಎಷ್ಟು ಜನರಿಗೆ ತಿಳಿದಿದೆ? ಜಾತ್ರೆ ಇದ್ದರೆ, ಮಂತ್ರಿಗಳು ಬಂದರೆ, ಚುನಾವಣೆಯಿದ್ದರೆ ಪೊಲೀಸರು ಬಂದೋಬಸ್ತಿಗೆ. ಹೊನ್ನಾವರದ ಕೋರ್ಟಿನಲ್ಲಿ ಹೆಸರು ಕೂಗುತ್ತಾರೆ, ಕಾರವಾರದಲ್ಲಿರುವವನಿಗೆ ಅದು ಕೇಳುವುದಿಲ್ಲ, ಮತ್ತೆ ವಾಯಿದೆ. ಈಗ ವಿಡಿಯೋದಲ್ಲಿ ತೋರಿಸುತ್ತಾರೆ. ಮುಖ ಕಾಣುತ್ತದೆ, ಮಾತು ಅರ್ಧ ಕತ್ತರಿಸಿಹೋಗುತ್ತದೆ, ತಾರೀಖು ಸ್ಪಷ್ಟವಾಗಿ ಕೇಳಿಸುತ್ತದೆ.

ಮನೆಯವರು ಮುಲಾಖಾತಿಗೆ ಹೋಗಬೇಕೆಂದರೆ ಹಳದೀಪುರದಿಂದ ಕಾರವಾರಕ್ಕೆ ಸುಮಾರು 80 ಕಿಲೋಮೀಟರ್. ಕುಮಟೆ, ಅಂಕೋಲೆ ದಾಟಿ ಹೋಗಬೇಕು. ಒಂದು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡೂ ಹೋಯಿತು. ಈಗ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ್ದರಿಂದ ಅಪ್ಪ ಮನೆಯಲ್ಲಿ ಉಳಿದು ಅಮ್ಮ ಹೋಗಿ ಬರುತ್ತಾಳೆ. ಶಕ್ತಿ ಯೋಜನೆಯ ಫಲಾನುಭವಿಗಳ ಪಟ್ಟಿಯಲ್ಲಿ ಈ ಬಾಬತ್ತನ್ನೂ ಸೇರಿಸಬಹುದು. ರೈಲೂ ಇದೆ, ಆದರೆ ಕಾರವಾರದ ಸ್ಟೇಷನ್ ಊರ ಹೊರಗೆ ಶಿರವಾಡದಲ್ಲಿ.

ಈ ಜಿಲ್ಲೆಗೂ ಜೈಲಿಗೂ ನೆಂಟಸ್ತನ ಹಳೆಯದು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದರು. ಅದರ ಬೆನ್ನಿಗೆ ಅಂಕೋಲೆ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲವೆಂದು ಕೂತರು. ಹೊಲ, ಮನೆ, ದನಕರು ಜಪ್ತಿಯಾದವು, ಗಂಡಸರು ಹೆಂಗಸರು ಎನ್ನದೆ ಹಿಂಡಲಗಾ ಮತ್ತಿತರ ಜೈಲುಗಳನ್ನು ತುಂಬಿದರು. ಬ್ರಿಟಿಷರನ್ನು ಹೊಗಳುವ ಉದ್ದೇಶ ನನಗಿಲ್ಲ. ಆದರೆ ಆಗಿನ ಮ್ಯಾಜಿಸ್ಟ್ರೇಟ್ ಬೇಗ ಮುಗಿಸಿಬಿಡುತ್ತಿದ್ದ: ಇಷ್ಟು ತಿಂಗಳು ಸಜೆ, ಇಷ್ಟು ರೂಪಾಯಿ ದಂಡ. ಸತ್ಯಾಗ್ರಹಿ ಜೈಲಿನ ಬಾಗಿಲು ದಾಟುವಾಗಲೇ ಹೊರಬರುವ ತಿಂಗಳು ಯಾವುದೆಂದು ಮನೆಗೆ ಹೇಳಿಹೋಗುತ್ತಿದ್ದ. ಅನ್ಯಾಯದ ಕಾನೂನಿಗೂ ಒಂದು ಕ್ಯಾಲೆಂಡರ್ ಇತ್ತು. ನಮ್ಮ ಹುಡುಗನ ತಾಯಿ ಕೇಳಿದರೆ ತಮ್ಮ ಯಾವ ಅಧಿಕಾರಿಯೂ ತಿಂಗಳು ಹೇಳಲಾರರು, ಅದು ಅವರ ಕೈಯಲ್ಲಿಲ್ಲ.

ಪಾಪ, ತಮ್ಮ ಕೈಯಲ್ಲಿ ಏನಿದೆ? ಹಿಡಿಯುವವರು ಪೊಲೀಸರು, ಆರೋಪಪಟ್ಟಿ ಬರೆಯುವವರು ಪೊಲೀಸರು, ವಾದಿಸುವವರು ವಕೀಲರು, ತೀರ್ಮಾನಿಸುವವರು ನ್ಯಾಯಾಧೀಶರು. ಎಲ್ಲರೂ ತಂತಮ್ಮ ಪಾಲಿನ ಕೆಲಸ ಮುಗಿಸಿ ಮನುಷ್ಯನನ್ನು ತಮ್ಮ ಬಾಗಿಲಲ್ಲಿ ಬಿಟ್ಟು ಹೋಗುತ್ತಾರೆ. ಪತ್ರಿಕೆಗಳಿಗೂ ತಮ್ಮ ನೆನಪಾಗುವುದು ಒಳಗೆ ಮೊಬೈಲ್ ಸಿಕ್ಕಿದಾಗ. ಇಲ್ಲವೇ 2024ರ ಆಗಸ್ಟಿನಲ್ಲಿ ಆದಂತೆ, ಪರಪ್ಪನ ಅಗ್ರಹಾರದ ಹುಲ್ಲುಹಾಸಿನಲ್ಲಿ ಕುರ್ಚಿ ಹಾಕಿಕೊಂಡು ಕಪ್ಪು, ಸಿಗರೇಟು ಹಿಡಿದ ಖ್ಯಾತನಾಮರ ಫೋಟೋ ಹೊರಬಂದಾಗ. ಆ ಫೋಟೋ ನೋಡಿ ನಾವು ಹಳದೀಪುರದವರು ಕೋಪಿಸಿಕೊಳ್ಳಲಿಲ್ಲ. ವಿಚಾರಣಾಧೀನ ಕೈದಿಯೆಂದರೆ ಇನ್ನೂ ನಿರಪರಾಧಿ, ಅವನನ್ನು ಹೀಗೆಯೇ ನೋಡಿಕೊಳ್ಳಬೇಕೆಂದು ಇಲಾಖೆಗೆ ತಿಳಿದಿದೆ ಎಂದು ಸಮಾಧಾನವಾಯಿತು. ಕಾರವಾರಕ್ಕೂ ಒಂದು ಕುರ್ಚಿ ಕಳಿಸಿದರೆ ಚೆನ್ನ.

ನಮ್ಮ ಸುದ್ದಿಯನ್ನೂ ಹೇಳಬೇಕು, ಬರೀ ತಮ್ಮ ಮೇಲೆ ಹೊರಿಸಿದರೆ ಸಲ್ಲ. ಹುಡುಗ ಖುಲಾಸೆಯಾಗಿ ಬಂದನೆಂದುಕೊಳ್ಳಿ. ಕೊನೆ ಕೊಯ್ಯಲು ಅವನನ್ನು ಯಾರು ಕರೆಯುತ್ತಾರೆ? ನಾನೂ ಕರೆಯುವುದು ಅನುಮಾನ. ತೋಟಕ್ಕೆ ಬಂದವನು ಅಟ್ಟ ನೋಡಿದನೇನೋ ಎಂದು ಕಣ್ಣು ಹೋಗುತ್ತದೆ. ಜೈಲಿನಲ್ಲಿ ಕೋಳಿ ಸಾರು ಕೊಡುತ್ತಾರಂತೆ ಎಂದು ಸಂಕಟಪಡುವವರೂ ನಾವೇ. ಅಲ್ಲಿಂದ ಸುಧಾರಿಸಿ ಬರಬೇಕು ಎನ್ನುವವರೂ ನಾವೇ, ಸುಧಾರಿಸಿದವನಿಗೆ ಕೆಲಸ ಕೊಡದವರೂ ನಾವೇ. ಇರಲಿ, ಇದಕ್ಕೆ ಬೇರೆ ಪತ್ರ ಬೇಕು, ಅದನ್ನು ಬರೆದರೆ ಊರಿನಲ್ಲಿ ನನ್ನ ಸಂಗಡ ಮಾತಾಡುವವರು ಕಡಿಮೆಯಾಗುತ್ತಾರೆ.

ತಮ್ಮ ಕೈಯಲ್ಲಿ ಏನಿದೆ ಎಂದು ಕೇಳಿದೆನಲ್ಲ. ಒಂದು ಇದೆ. 2024ರ ಜುಲೈ 1ರಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂತು. ಹದಿನೈದು ದಿನ ಕಳೆದು ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಕಾರವಾರದ ಹೆದ್ದಾರಿ ವಾರಗಟ್ಟಲೆ ಮುಚ್ಚಿತು. ಆ ದುಃಖದಲ್ಲಿ ನಮಗೆ ಯಾರಿಗೂ ಸಂಹಿತೆ ಓದುವ ಮನಸ್ಸಿರಲಿಲ್ಲ. ಆಮೇಲೆ ಓದಿದಾಗ ಸಿಕ್ಕಿದ್ದು 479ನೇ ಕಲಂ. ಮರಣದಂಡನೆ ಅಥವಾ ಜೀವಾವಧಿಯ ಅಪರಾಧವಲ್ಲದಿದ್ದರೆ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದ ವಿಚಾರಣಾಧೀನನಿಗೆ ಜಾಮೀನು. ಹಿಂದೆ ಯಾವ ಶಿಕ್ಷೆಯೂ ಆಗಿಲ್ಲದವನಾದರೆ ಮೂರನೇ ಒಂದು ಭಾಗಕ್ಕೇ ಬಾಂಡಿನ ಮೇಲೆ ಬಿಡುಗಡೆ. ಬೇರೆ ಕೇಸುಗಳು ಬಾಕಿಯಿರಬಾರದು ಎಂಬ ಷರತ್ತೂ ಇದೆ. ನಮ್ಮ ಹುಡುಗನಿಗೆ ಏಳು ವರ್ಷದ ಮೂರನೇ ಒಂದು ಭಾಗ, 28 ತಿಂಗಳು. ಒಂದು ಚೀಲ ಅಡಿಕೆಗೆ ಅದೂ ಕಡಿಮೆಯೇನಲ್ಲ. ಆದರೂ ಮೊದಲ ಸಲ ಅವನ ತಾಯಿಗೆ ಹೇಳಲು ಒಂದು ತಿಂಗಳಿದೆ.

ಆ ಕಲಮಿನ ಮೂರನೇ ಉಪಕಲಮಿನಲ್ಲಿ ತಾವಿದ್ದೀರಿ. ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಹಾಕಬೇಕಾದವರು ಕೈದಿಯಲ್ಲ, ಅವನ ವಕೀಲನಲ್ಲ, ಜೈಲಿನ ಸೂಪರಿಂಟೆಂಡೆಂಟ್. 2024ರ ಆಗಸ್ಟ್ 23ರಂದು ಸುಪ್ರೀಂ ಕೋರ್ಟು, ಹಳೆಯ ಕೇಸುಗಳವರಿಗೂ ಇದು ಅನ್ವಯ, ಅರ್ಜಿಗಳನ್ನು ಬೇಗ ಕಳಿಸಿ ಎಂದು ದೇಶದ ಎಲ್ಲ ಸೂಪರಿಂಟೆಂಡೆಂಟರಿಗೆ ಹೇಳಿತು. ಅದಕ್ಕೂ ಮೊದಲು, 2023ರ ಜನವರಿಯಲ್ಲಿ, ಜಾಮೀನು ಸಿಕ್ಕಿಯೂ ಏಳು ದಿನದೊಳಗೆ ಹೊರಹೋಗದವನ ಸಂಗತಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದೂ ಹೇಳಿತ್ತು, ಅದೂ ಸೂಪರಿಂಟೆಂಡೆಂಟರಿಗೇ. ಬಡ ಕೈದಿಯ ಜಾಮೀನಿಗೆ ಹಣ ಕೊಡುವ ಕೇಂದ್ರದ ಯೋಜನೆಯೂ 2023ರಿಂದ ಇದೆ. ಅದರ ಜಿಲ್ಲಾ ಸಮಿತಿಯಲ್ಲಿಯೂ ತಮ್ಮವರಿಗೆ ಕುರ್ಚಿಯಿದೆ. ಹುಲ್ಲುಹಾಸಿನದ್ದಲ್ಲ.

ಒಟ್ಟು ನ್ಯಾಯವ್ಯವಸ್ಥೆಯಲ್ಲಿ ಹುಡುಗನ ಮುಖವನ್ನು ದಿನಾ ಬೆಳಿಗ್ಗೆ ಸಂಜೆ ನೋಡಿ ಹಾಜರಿ ಹಾಕುವವರು ತಮ್ಮವರೊಬ್ಬರೇ. ಪೊಲೀಸರಿಗೆ ಅವನು ಕ್ರೈಂ ನಂಬರು, ಕೋರ್ಟಿಗೆ ಸಿಸಿ ನಂಬರು. ಒಳಗೆ ಎಷ್ಟು ದಿನವಾಯಿತೆಂಬ ಲೆಕ್ಕ ಇರುವುದು ತಮ್ಮ ರಿಜಿಸ್ಟರಿನಲ್ಲಿ, ಈಗ ಇ-ಪ್ರಿಸನ್ಸ್ ಕಂಪ್ಯೂಟರಿನಲ್ಲಿ. ತಮ್ಮನ್ನು ನಾವು ಬೀಗದವರೆಂದೇ ತಿಳಿದಿದ್ದೆವು. ಕಾಯ್ದೆ ನೋಡಿದರೆ ತಮಗೆ ಕೊಟ್ಟಿರುವುದು ಪೆನ್ನು. ಜೈಲಿನ ವಿಷಯದಲ್ಲಿ ಪತ್ರಗಳಿಗೆ ಬಲವೂ ಉಂಟು. 1970ರ ದಶಕದ ಕೊನೆಗೆ ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಎಂಬ ಕೈದಿ, ಇನ್ನೊಬ್ಬ ಕೈದಿಗೆ ವಾರ್ಡರ್ ಕೊಟ್ಟ ಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೆ ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು ವಿಚಾರಿಸಿದರು. ಈಗ ಹೇಳಿದ ಆಗಸ್ಟಿನ ಆದೇಶ ಬಂದ ಪ್ರಕರಣ ಶುರುವಾದದ್ದೂ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಹೋಟಿ 2013ರಲ್ಲಿ ಬರೆದ ಒಂದು ಪತ್ರದಿಂದ.

ತಮ್ಮ ಸಿಬ್ಬಂದಿಗೆ ಕೆಲಸ ಜಾಸ್ತಿ, ಬರೆಯಲು ಪುರುಸೊತ್ತಿಲ್ಲ ಎಂಬುದು ತಿಳಿದು, ಕಾಗದವನ್ನು ನಾವೇ ಬರೆದು ಇದರೊಂದಿಗೆ ಲಗತ್ತಿಸಿದ್ದೇವೆ:

"ಮಾನ್ಯ ನ್ಯಾಯಾಲಯಕ್ಕೆ, ನಾಗರಿಕ ಸುರಕ್ಷಾ ಸಂಹಿತೆಯ 479(3)ನೇ ಕಲಂ ಅನ್ವಯ ಅರ್ಜಿ. ಯುಟಿ ನಂಬರು ______, ಹೊನ್ನಾವರ ತಾಲ್ಲೂಕು, ಈತನು ದಿನಾಂಕ ______ರಿಂದ ಈ ಕಾರಾಗೃಹದಲ್ಲಿರುತ್ತಾನೆ. ಈತನಿಗೆ ಈ ಹಿಂದೆ ಶಿಕ್ಷೆಯಾಗಿರುವುದಿಲ್ಲ. ಬೇರೆ ಪ್ರಕರಣ ಬಾಕಿ ಇರುವುದಿಲ್ಲ. ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ದಿನಾಂಕ ______ಕ್ಕೆ ಪೂರ್ಣಗೊಂಡಿರುತ್ತದೆ. ಈತನ ಬಳಿ ಪಹಣಿ ಇಲ್ಲದ್ದರಿಂದ ವೈಯಕ್ತಿಕ ಬಾಂಡಿನ ಮೇಲೆ ಬಿಡುಗಡೆಗೆ ಆದೇಶವಾಗಬೇಕಾಗಿ ವಿನಂತಿ."

ಖಾಲಿ ಜಾಗಗಳನ್ನು ತಮ್ಮ ರಿಜಿಸ್ಟರ್ ನೋಡಿ ತುಂಬಿಸಬೇಕು, ಕೆಳಗೆ ಸಹಿ ಮಾಡಬೇಕು. ಕಾರವಾರಕ್ಕೆ ಎಂದು ಒಂದೇ ಪ್ರತಿ ಇಟ್ಟಿದ್ದೇನೆ. ರಾಜ್ಯದ ಉಳಿದ ಜೈಲುಗಳಿಗೆ ಜೆರಾಕ್ಸ್ ತಾವೇ ಮಾಡಿಸಿಕೊಳ್ಳಬೇಕಾಗಿ ಕೋರಿಕೆ. ಈ ಅರ್ಜಿ ಮಂಜೂರಾದಲ್ಲಿ ಹುಡುಗನನ್ನು ಅಪರಾಧಿಯೆಂದು ಪರಿಗಣಿಸಬೇಕೆಂಬ ನನ್ನ ಮೊದಲಿನ ಅರ್ಜಿಯನ್ನು ಹಿಂಪಡೆದಿದೆ ಎಂದು ತಿಳಿಯುವುದು.

ಇತಿ ತಮ್ಮ ವಿಶ್ವಾಸಿ,
ಹಳದೀಪುರದ ಒಬ್ಬ ನಾಗರಿಕ
(ಪಹಣಿ ಇದೆ)